‘ಒಣ ಹವೆ’ ಎಂದಷ್ಟೇ ಇದ್ದರೆ ರಾಗಿ ಕೊಯ್ಯಬಹುದೇ? ವಾರದ ಮುನ್ಸೂಚನೆ ಓದುವ ಬಗೆ

ನವೆಂಬರ್ ಕೊನೆಯ ವಾರ. ಹಿಂಗಾರು ಸದ್ದಿಲ್ಲದೆ ಕೂತಿದೆ. ಬೆಳಿಗ್ಗೆ ಬದುವಿನ ಹುಲ್ಲೆಲ್ಲ ಇಬ್ಬನಿ, ಹೊಲದಲ್ಲಿ ರಾಗಿ ತೆನೆ ಬಲಿತು ಬಾಗಿದೆ. ಮುನ್ಸೂಚನೆ ತೆರೆದರೆ ಎರಡೇ ಪದ: ‘ಒಣ ಹವೆ’. ಅಷ್ಟು ಓದಿ ಕುಡುಗೋಲು ಹಿಡಿಯುವವರೇ ಹೆಚ್ಚು. ಆದರೆ ಕೊಯ್ದ ರಾಗಿ ಅರಿಯಾಗಿ, ಅಂದರೆ ನೆಲದ ಮೇಲೆ ಸಾಲಾಗಿ ಹರಡಿಕೊಂಡು, ನಾಲ್ಕಾರು ದಿನ ಹೊಲದಲ್ಲೇ ಒಣಗಬೇಕಲ್ಲ, ಆ ಅಷ್ಟೂ ದಿನದ ಲೆಕ್ಕ ಬೇಕು.

ಮೊದಲು ನಿಮ್ಮ ಜಾಗ ಗುರುತಿಸಿಕೊಳ್ಳಿ. ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಭಾಗ ಮಾಡಿದೆ. ಮಲೆನಾಡಿಗೆ ಬೇರೆ ಭಾಗವಿಲ್ಲ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಎಲ್ಲವೂ ದಕ್ಷಿಣ ಒಳನಾಡಿನಲ್ಲೇ ಬರುತ್ತವೆ. ಮಡಿಕೇರಿಗೂ ಕೋಲಾರಕ್ಕೂ ಒಂದೇ ಸಾಲು ಬರೆದಿದ್ದರೆ ಅದನ್ನು ನಂಬಿ ಕೂರಬೇಡಿ, ಜಿಲ್ಲಾವಾರು ಪಟ್ಟಿಗೆ ಹೋಗಿ.

ಆಮೇಲೆ ಪದಗಳು. ‘ಒಂದೆರಡು ಕಡೆ’ ಎಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ, ‘ಕೆಲವು ಕಡೆ’ ಎಂದರೆ ಶೇ 26ರಿಂದ 50. ಇದು ಎಷ್ಟು ಕಡೆ ಎಂಬ ಮಾತು, ಎಷ್ಟು ಮಳೆ ಎಂಬುದಲ್ಲ. ‘ಹಗುರ ಮಳೆ’ ಎಂದರೆ 24 ಗಂಟೆಯಲ್ಲಿ 2.5ರಿಂದ 15.5 ಮಿಲಿಮೀಟರ್. ಹೆಸರಿಗೆ ಹಗುರ, ಅರಿ ಹಾಕಿದವರಿಗೆ ಅಲ್ಲ: 10 ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ 10 ಲೀಟರ್ ನೀರು. ದಿನದ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಎಂಬುದೂ ನೆನಪಿರಲಿ.

ಇನ್ನು ಎಲ್ಲರೂ ದಾಟಿ ಹೋಗುವ ಸಾಲು, ಕನಿಷ್ಠ ಉಷ್ಣಾಂಶ. ನನ್ನ ಮಟ್ಟಿಗೆ ಇಂಥ ವಾರದಲ್ಲಿ ಮಳೆಯ ಸಾಲಿಗಿಂತ ಇದೇ ಮುಖ್ಯ. ರಾತ್ರಿ ಆಕಾಶ ತಿಳಿಯಾಗಿದ್ದು ಗಾಳಿ ನಿಂತಿದ್ದರೆ ನೆಲದ ಕಾವೆಲ್ಲ ಮೇಲಕ್ಕೆ ಹೋಗಿ ಚಳಿ ಕಚ್ಚುತ್ತದೆ, ಇಬ್ಬನಿ ಬೀಳುತ್ತದೆ, ಅವರೆಗೆ ಸೊಗಡು ಹತ್ತುತ್ತದೆ. ಮೋಡ ಬಂದರೆ ಅದೇ ಕಂಬಳಿ. ರಾತ್ರಿ ಬೆಚ್ಚಗೆ, ಹಗಲು ತಂಪು. ಹಾಗಾಗಿ ಪಟ್ಟಿಯಲ್ಲಿ ಗರಿಷ್ಠ, ಕನಿಷ್ಠ ಎರಡನ್ನೂ ಅಕ್ಕಪಕ್ಕ ಇಟ್ಟು ಕಳೆಯಿರಿ. ಸೋಮವಾರ 28 ಮತ್ತು 15 ಇದ್ದದ್ದು ಗುರುವಾರಕ್ಕೆ 25 ಮತ್ತು 19 ಎಂದಿದೆ ಎನ್ನಿ. ಅಂತರ 13ರಿಂದ 6ಕ್ಕೆ ಇಳಿಯಿತು. ಮಳೆಯ ಸಾಲಿನಲ್ಲಿ ಏನೂ ಬರೆದಿರದಿದ್ದರೂ ತೇವ ಬರುತ್ತಿದೆ ಎಂದೇ ತಿಳಿಯಿರಿ. ಹನಿ ಬೀಳದಿದ್ದರೂ ಆ ದಿನಗಳಲ್ಲಿ ಅರಿ ಒಣಗುವುದಿಲ್ಲ.

ಆ ತೇವ ಎಲ್ಲಿಂದ? ಹೆಚ್ಚಾಗಿ ಬಂಗಾಳ ಕೊಲ್ಲಿಯಿಂದ. ಪ್ರಕಟಣೆಯ ಮೊದಲ ಪ್ಯಾರಾದಲ್ಲೇ ಅದರ ಸುದ್ದಿ ಇರುತ್ತದೆ. ಕಡಿಮೆ ಒತ್ತಡದ ಪ್ರದೇಶ ಬಲವಾದರೆ ವಾಯುಭಾರ ಕುಸಿತ, ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಚಂಡಮಾರುತ. ಎಷ್ಟು ಬಲ ಎನ್ನುವುದಕ್ಕಿಂತ ಯಾವ ಕಡೆ ಹೊರಟಿದೆ ನೋಡಿ. ತಮಿಳುನಾಡಿನ ಕರಾವಳಿಯತ್ತ ಬಂದರೆ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಸುತ್ತ ಮೋಡ ಕವಿಯುತ್ತದೆ. ಉತ್ತರಕ್ಕೆ ತಿರುಗಿ ದೂರವಾದರೆ ನಮಗೆ ಬಿಸಿಲು. 2021ರ ನವೆಂಬರನ್ನು ರಾಗಿ ಬೆಳೆದವರು ಮರೆತಿಲ್ಲ. ಯಲಹಂಕದ ಬಡಾವಣೆಗಳಿಗೆ ನೀರು ನುಗ್ಗಿದ ಆ ತಿಂಗಳು ದಕ್ಷಿಣದ ಜಿಲ್ಲೆಗಳಲ್ಲಿ ಕೊಯ್ಲಿಗೆ ಬಂದ ಬೆಳೆ ನೀರಲ್ಲಿ ನಿಂತಿತ್ತು.

ಮುನ್ಸೂಚನೆಯ ಮೊದಲ ಮೂರು ದಿನವನ್ನು ನಂಬಿ ಕೆಲಸ ಹಚ್ಚಿ. ನಾಲ್ಕರಿಂದ ಏಳನೆಯ ದಿನದ್ದು ಒಲವು ಮಾತ್ರ, ದಿನಾ ತಿದ್ದಿಕೊಳ್ಳಬೇಕು. ಕೃಷಿ ಹವಾಮಾನ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ. ‘ಮೇಘದೂತ್’ ಆ್ಯಪ್‌ನಲ್ಲಿ ಕನ್ನಡದಲ್ಲೇ ಸಿಗುತ್ತದೆ. ಫೋನಿನಲ್ಲಿ ಕೇಳಬೇಕೆಂದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಇದೆ.

ಇದೇ ಓದು ಉಳಿದ ಬೆಳೆಗೂ ಆಗುತ್ತದೆ. ಅರೇಬಿಕಾ ಕಾಫಿ ಹಣ್ಣು ಕೊಯ್ದು ಕಣದಲ್ಲಿ ಹರವಿದವರು ಮೋಡದ ದಿನಗಳನ್ನು ಎಣಿಸಿಕೊಳ್ಳಲಿ. ಕಲಬುರಗಿ ಕಡೆ ತೊಗರಿ ಹೂವು, ಕಾಯಿಯಲ್ಲಿದ್ದಾಗ ಎರಡು ಮೂರು ದಿನ ಮೋಡ ಕವಿದರೆ ಕಾಯಿಕೊರಕ ಬಿದ್ದಿದೆಯೇ ಎಂದು ಗಿಡ ಬಗ್ಗಿಸಿ ನೋಡಬೇಕು.

ರಾಗಿಗೆ ಬರೋಣ. ಅಂತರ ಕುಗ್ಗದ ಮೂರು ದಿನ ಕಂಡರೆ ಇಬ್ಬನಿ ಆರಿದ ಮೇಲೆ ಕೊಯ್ಲು ಶುರು ಮಾಡಿ, ಆದರೆ ಇಡೀ ಹೊಲ ಒಂದೇ ದಿನ ಬೇಡ. ನಡುವೆ ಮೋಡದ ಸುಳಿವು ಸಿಕ್ಕರೆ ಹೊರೆ ಕಟ್ಟಿ, ತೆನೆ ಒಳಮುಖವಾಗಿ ಗುಡ್ಡೆ ಹಾಕಿ, ಟಾರ್ಪಾಲು ಹೊದಿಸಿ. ಬಿಸಿಲು ಬಂದ ಕೂಡಲೇ ತೆಗೆದು ಹರವಿ; ಹಸಿ ಗುಡ್ಡೆ ಒಳಗೇ ಕಾವೇರಿದರೆ ಕಾಳು ಮೊಳೆಯುತ್ತದೆ, ಹುಲ್ಲು ದನಕ್ಕೂ ಬೇಡವಾಗುತ್ತದೆ.