ಯುಪಿಐ ಜಮೆಗೆ ಲೆಕ್ಕ ಇಡುವುದು ಹೇಗೆ?

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಗಾಬರಿಯಾದ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದು ಹಾಕಿದರು. ಹೆದರಿಕೆ ಅರ್ಥವಾಗುತ್ತದೆ. ಆದರೆ ಕೋಡ್ ಕಿತ್ತು ಪ್ರಯೋಜನವಿಲ್ಲ. ಜಿಎಸ್‌ಟಿಗೆ ವಹಿವಾಟು ಅಂದರೆ ವರ್ಷದಲ್ಲಿ ಮಾರಿದ್ದರ ಒಟ್ಟು ಮೊತ್ತ. ದುಡ್ಡು ಫೋನಿಗೆ ಬಂದರೂ ಅಷ್ಟೇ, ಗಲ್ಲಾಪೆಟ್ಟಿಗೆಗೆ ಬಿದ್ದರೂ ಅಷ್ಟೇ. ನಿಮ್ಮನ್ನು ಕಾಪಾಡುವುದು ಲೆಕ್ಕ. ಖಾತೆಗೆ ಬಂದದ್ದರಲ್ಲಿ ವ್ಯಾಪಾರದ್ದು ಎಷ್ಟು, ಮನೆಯದ್ದು ಎಷ್ಟು ಎಂದು ತೋರಿಸಲು ಬರಬೇಕು.

ಮೊದಲು ಖಾತೆ ಬೇರೆ ಮಾಡಿ

ಅಂಗಡಿಗೆ ಒಂದು ಬ್ಯಾಂಕ್ ಖಾತೆ, ಮನೆಗೆ ಇನ್ನೊಂದು. ಅಂಗಡಿಯ ಕ್ಯೂಆರ್ ಕೋಡ್ ಅಂಗಡಿ ಖಾತೆಗೇ ಸೇರಿರಲಿ. ನಮ್ಮ ಕಡೆ ಜಾಸ್ತಿ ಕಾಣುವುದು ಇದರ ಉಲ್ಟಾ. ಅಂಗಡಿ ಯಜಮಾನರ ಹೆಸರಿನಲ್ಲಿ ಇರುತ್ತದೆ, ಗೋಡೆಯ ಮೇಲಿನ ಕೋಡ್ ಕಾಲೇಜಿಗೆ ಹೋಗುವ ಮಗನದ್ದು. ಇಲಾಖೆ ನೋಡುವುದು ಪ್ಯಾನ್ ನಂಬರ್. ಯಾರ ಖಾತೆಗೆ ದುಡ್ಡು ಬಿತ್ತೋ ಅವರನ್ನೇ ಕೇಳುತ್ತದೆ. ವ್ಯಾಪಾರವನ್ನೇ ಮಾಡದ ಹುಡುಗ ಸುಮ್ನೆ ಉತ್ತರ ಕೊಡುತ್ತಾ ಕೂರಬೇಕು. ಇದೊಂದನ್ನು ಮುಂದಕ್ಕೆ ಹಾಕಬೇಡಿ.

ಹಾಗೆಯೇ, ಒಂದೇ ಪ್ಯಾನ್‌ನಲ್ಲಿ ಶಿರಸಿಯಲ್ಲೊಂದು, ಸಿದ್ದಾಪುರದಲ್ಲೊಂದು ಅಂಗಡಿ ಇದ್ದರೆ ಎರಡನ್ನೂ ಕೂಡಿಸಿಯೇ ವಹಿವಾಟು ಲೆಕ್ಕ ಹಾಕುತ್ತಾರೆ.

ಸ್ಟೇಟ್‌ಮೆಂಟ್‌ಗೆ ಒಂದು ಕಾಲಂ ಸೇರಿಸಿ

ಪ್ರತಿ ತಿಂಗಳ ಮೊದಲ ವಾರ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಪಿಡಿಎಫ್ ಬೇಡ, ಎಕ್ಸೆಲ್ ಇರಲಿ. ಕೊನೆಯಲ್ಲಿ ‘ಯಾವುದಕ್ಕೆ’ ಎಂದು ಒಂದು ಕಾಲಂ ಮಾಡಿ, ಪ್ರತಿ ಜಮೆಯ ಎದುರು ಒಂದು ಪದ ಬರೆಯಿರಿ: ವ್ಯಾಪಾರ, ಮನೆ, ಸಾಲ, ತೋಟ.

ಶಿರಸಿ ಹತ್ತಿರದ ಹಳ್ಳಿಯಲ್ಲಿ ಕಿರಾಣಿ ಅಂಗಡಿ, ಜೊತೆಗೆ ಸ್ವಲ್ಪ ಅಡಿಕೆ ತೋಟ ಇರುವವರ ಖಾತೆ ಹೇಗಿರುತ್ತದೆ ನೋಡಿ. 340 ರೂಪಾಯಿ, ಸಕ್ಕರೆ-ಚಾಪುಡಿ ಒಯ್ದ ಗಿರಾಕಿಯದ್ದು. ಇದು ವ್ಯಾಪಾರ. 15,000 ರೂಪಾಯಿ, ಬೆಂಗಳೂರಿನಲ್ಲಿರುವ ಮಗಳು ಅಪ್ಪನ ಔಷಧಿಗೆ ಕಳಿಸಿದ್ದು. ಇದು ಮನೆ. 50,000 ರೂಪಾಯಿ, ಭಾವನಿಂದ ಕೈಗಡ. ಇದು ಸಾಲ. 1,86,000 ರೂಪಾಯಿ, ಸೊಸೈಟಿಯಲ್ಲಿ ಬಿಟ್ಟ ಅಡಿಕೆಯ ದುಡ್ಡು. ಬೆಳೆಗಾರರು ತಮ್ಮ ತೋಟದ ಬೆಳೆ ಮಾರುವುದಕ್ಕೆ ಜಿಎಸ್‌ಟಿ ನೋಂದಣಿ ಬೇಡ, ಆದರೆ ಸೊಸೈಟಿಯ ಪಟ್ಟಿ ಫೈಲಿನಲ್ಲಿ ಇರಬೇಕು. ಕಾಲಂ ತುಂಬದಿದ್ದರೆ ಈ ನಾಲ್ಕೂ ನೋಡುವವರಿಗೆ ಬರೀ ಜಮೆ. ಮೂರು ವರ್ಷ ಬಿಟ್ಟು ‘ಈ ಐವತ್ತು ಸಾವಿರ ಏನು?’ ಎಂದು ಕೇಳಿದರೆ ಯಾರಿಗೆ ನೆನಪಿರುತ್ತದೆ?

ಉದ್ರಿಯ ವಿಷಯದಲ್ಲಿ ಹುಷಾರು. ಸಾಮಾನು ಕೊಟ್ಟ ದಿನವೇ ಅದು ಮಾರಾಟ. ಎರಡು ತಿಂಗಳು ಬಿಟ್ಟು ಗಿರಾಕಿ ಫೋನಿನಲ್ಲಿ ಹಳೇಬಾಕಿ ತೀರಿಸಿದಾಗ ಅದನ್ನೇ ಮತ್ತೆ ಮಾರಾಟಕ್ಕೆ ಸೇರಿಸಿದರೆ ವಹಿವಾಟು ಸುಳ್ಳೇ ಉಬ್ಬುತ್ತದೆ. ಎದುರಿಗೆ ‘ಉದ್ರಿ ವಸೂಲಿ’ ಎಂದು ಬರೆಯಿರಿ. ಕ್ಯಾಶ್ ಮಾರಾಟಕ್ಕೆ ಹಳೆಯ ಕಿರ್ದಿ ಪುಸ್ತಕವೇ ಸಾಕು. ರಾತ್ರಿ ಬಾಗಿಲು ಹಾಕುವ ಮುಂಚೆ ಆ ದಿನದ ಮೊತ್ತ ಬರೆದಿಡಿ.

ಮಿತಿ ದಾಟಿದೆಯಾ?

ಬರೀ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ಮಿತಿ. ಸೇವೆ ಇದ್ದರೆ 20 ಲಕ್ಷ. ಗೋಕರ್ಣದಲ್ಲಿ ಅಂಗಡಿಯ ಜೊತೆ ಪ್ರವಾಸಿಗರಿಗೆ ಎರಡು ರೂಮು ಬಾಡಿಗೆಗೆ ಕೊಡುವವರು 40 ಲಕ್ಷದ ಲೆಕ್ಕ ಹಿಡಿದು ಕೂರುವ ಹಾಗಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿ. ತೆರಿಗೆ ಇಲ್ಲದ ಸಾಮಾನೂ ಈ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಹಾಲು, ತರಕಾರಿ 25 ಲಕ್ಷಕ್ಕೆ, ಬಿಸ್ಕತ್ತು, ಸೋಪು 18 ಲಕ್ಷಕ್ಕೆ ಮಾರಿದರೆ ಒಟ್ಟು 43 ಲಕ್ಷ. ಮಿತಿ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಆದರೆ ಪೂರ್ತಿ ತೆರಿಗೆ ಇಲ್ಲದ ಸರಕನ್ನೇ ಮಾರುವವರಿಗೆ ನೋಂದಣಿಯೇ ಬೇಡ. ಕಾರವಾರದ ಮಾರ್ಕೆಟ್ಟಿನಲ್ಲಿ ಬರೀ ಹಸಿ ಮೀನು ಮಾರುವವರ ವಹಿವಾಟು ಎಷ್ಟೇ ಆಗಲಿ, ಅವರು ಚಿಂತೆ ಮಾಡಬೇಕಾಗಿಲ್ಲ. ನೋಟಿಸ್ ಬಂದರೆ ಖರೀದಿ ಬಿಲ್ಲು, ಸ್ಟೇಟ್‌ಮೆಂಟ್ ಇಟ್ಟು ಅದನ್ನೇ ಬರೆದು ಕೊಡಬೇಕು. ನೋಟಿಸ್‌ನಲ್ಲಿ ಹೇಳಿದ ದಿನದೊಳಗೆ ಉತ್ತರ ಹೋಗಲೇಬೇಕು.

ಕಾರವಾರದವರು ಗಡಿಯನ್ನೂ ಗಮನಿಸಬೇಕು. ಗೋವಾದವರು ನಿಮ್ಮ ಅಂಗಡಿಗೆ ಬಂದು ಸಾಮಾನು ಕೊಂಡು ಹೋದರೆ ತೊಂದರೆಯಿಲ್ಲ. ನೀವೇ ತೆರಿಗೆ ಇರುವ ಸರಕನ್ನು ಗಾಡಿಗೆ ಹಾಕಿ ಕಾಣಕೋಣದ ಅಂಗಡಿಗೆ ಕಳಿಸಿದರೆ ಅದು ಹೊರರಾಜ್ಯದ ಮಾರಾಟ. ಅಲ್ಲಿ 40 ಲಕ್ಷದ ಮಿತಿ ನಡೆಯುವುದಿಲ್ಲ, ಮೊದಲ ರೂಪಾಯಿಗೇ ನೋಂದಣಿ ಬೇಕು. ಕಾಂಪೊಸಿಷನ್, ಅಂದರೆ ಸಣ್ಣ ವ್ಯಾಪಾರಿಗಳು ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಸರಳ ಪದ್ಧತಿ, ಅದೂ ಸಿಗುವುದಿಲ್ಲ.

ಕಾಂಪೊಸಿಷನ್ ಯಾರಿಗೆ?

ವಹಿವಾಟು 1.5 ಕೋಟಿವರೆಗೆ ಇರುವ, ಮನೆಗಳಿಗೇ ಸಾಮಾನು ಮಾರುವ ಕಿರಾಣಿ ಅಂಗಡಿಗೆ ಇದೇ ವಾಸಿ ಎಂಬುದು ನನ್ನ ಅಭಿಪ್ರಾಯ. ವ್ಯಾಪಾರಿಗಳು ತೆರಿಗೆ ಇರುವ ಮಾರಾಟದ ಮೇಲೆ ಮಾತ್ರ ಶೇ 1 ಕಟ್ಟಬೇಕು. ಮೇಲಿನ ಲೆಕ್ಕದಲ್ಲಿ 18 ಲಕ್ಷಕ್ಕೆ 18,000 ರೂಪಾಯಿ. ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ರೊಳಗೆ ಸಿಎಂಪಿ-08 ಎಂಬ ಫಾರಂ ತುಂಬಿ ಹಣ ಕಟ್ಟುವುದು, ವರ್ಷಕ್ಕೊಂದು ರಿಟರ್ನ್ ಜೂನ್ 30ರೊಳಗೆ. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವ ಹಾಗಿಲ್ಲ, ಖರೀದಿಯ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ. ಹಾಗಾಗಿ ಕಂಟ್ರಾಕ್ಟರುಗಳಿಗೆ ಸಿಮೆಂಟು, ಕಬ್ಬಿಣ ಕೊಡುವ ಹಾರ್ಡ್‌ವೇರ್ ಅಂಗಡಿಗೆ ಇದು ಹೊಂದುವುದಿಲ್ಲ. ಅವರು ತೆರಿಗೆ ಬಿಲ್ಲು ಕೇಳುತ್ತಾರೆ, ಅಲ್ವಾ? ಹೊಸಬರು ನೋಂದಣಿಯ ಜೊತೆಗೇ ಇದನ್ನು ಆರಿಸಿಕೊಳ್ಳಬಹುದು. ಈಗಾಗಲೇ ನೋಂದಣಿ ಇದ್ದವರು ಮುಂದಿನ ವರ್ಷಕ್ಕೆ ಮಾರ್ಚ್ 31ರೊಳಗೆ ತಿಳಿಸಬೇಕು.

ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮದೇ ಮೊಬೈಲ್ ಇರಲಿ

ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ಅರ್ಜಿ ತುಂಬುವವರಿಗೆ ಅವರ ಕೆಲಸದ ಫೀ ಕೊಡಿ, ಆದರೆ ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಹಾಕಿಸಿ. ಲೆಕ್ಕ ಬರೆಯುವ ನನ್ನ ಸಹೋದ್ಯೋಗಿಗಳಿಗೂ ಇದನ್ನೇ ಕೇಳಿಕೊಳ್ಳುತ್ತೇನೆ. ಎಲ್ಲ ಗಿರಾಕಿಗಳ ಒಟಿಪಿ ನಮ್ಮದೇ ಫೋನಿಗೆ ಬಂದರೆ ಕೆಲಸ ಬೇಗ ಆಗುತ್ತದೆ, ನಿಜ. ಆದರೆ ನೋಟಿಸ್ ಬಂದದ್ದು ಅಂಗಡಿಯವರಿಗೆ ಗೊತ್ತೇ ಆಗುವುದಿಲ್ಲ. ಪೋರ್ಟಲ್‌ಗೆ ಹಾಕಿದರೂ ನೋಟಿಸ್ ಜಾರಿಯಾದಂತೆಯೇ. ತಿಂಗಳಿಗೊಮ್ಮೆ ಲಾಗಿನ್ ಆಗಿ ‘ನೋಟಿಸಸ್ ಅಂಡ್ ಆರ್ಡರ್ಸ್’ ನೋಡಿ, ಅದರ ಜೊತೆ ‘ಅಡಿಷನಲ್ ನೋಟಿಸಸ್ ಅಂಡ್ ಆರ್ಡರ್ಸ್’ ಎಂಬುದನ್ನೂ ತೆರೆಯಿರಿ. ಕೆಲವು ನೋಟಿಸ್ ಅಲ್ಲಿ ಮಾತ್ರ ಇರುತ್ತವೆ. ಸ್ಟೇಟ್‌ಮೆಂಟ್ ನೋಡಲು ಕೂತ ದಿನವೇ ಇದನ್ನೂ ಮುಗಿಸಿದರೆ ಬೇರೆ ದಿನ ನೆನಪಿಡುವ ಕಷ್ಟವಿಲ್ಲ.