ನಾಯಿಗೆ ಸೀಸಾ ಹಲಗೆ ಕಲಿಸುವ ಕ್ರಮ

ಹುಬ್ಬಳ್ಳಿ-ಧಾರವಾಡದ ಸುತ್ತಮುತ್ತ ನಾಯಿಗೆ ಅಜಿಲಿಟಿ, ಅಂದರೆ ಅಡೆತಡೆಗಳ ಓಟ, ಕಲಿಸಬೇಕೆನ್ನುವವರು ಮೊದಲು ನೆಲವನ್ನು ಆರಿಸಿಕೊಳ್ಳಬೇಕು. ಎರೆ ನೆಲ ಮಳೆಗಾಲದಲ್ಲಿ ಜಾರುತ್ತದೆ. ಬೇಸಿಗೆಯಲ್ಲಿ ಬಿರಿದು, ಓಡುವ ನಾಯಿಯ ಕಾಲು ಉಳುಕಲು ಕಾರಣವಾಗುತ್ತದೆ. ಹುಲ್ಲು ಬೆಳೆದ ಮಸಾರಿ ನೆಲವೇ ಲೇಸು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲೇರುವ ಮುನ್ನವೇ ಅಭ್ಯಾಸ ಮುಗಿಸಬೇಕು. ಮುಧೋಳ ತಳಿಯ ನಾಯಿಯಾದರೆ ಆವರಣಕ್ಕೆ ಬೇಲಿ ಇರಲೇಬೇಕು. ಕಣ್ಣಿಗೆ ಬಿದ್ದ ಬೇಟೆಯನ್ನು ಅಟ್ಟುವುದೇ ಅದರ ಸ್ವಭಾವವಾದ್ದರಿಂದ, ದೂರದಲ್ಲಿ ಆಡಿನ ಮರಿಯೊಂದು ಓಡಿದರೂ ಪಾಠ ಅಲ್ಲಿಗೇ ನಿಲ್ಲುತ್ತದೆ.

ಎಲುಬಿನ ಬೆಳವಣಿಗೆ ಮುಗಿಯುವವರೆಗೆ, ಸಾಮಾನ್ಯವಾಗಿ 12ರಿಂದ 18 ತಿಂಗಳು ತುಂಬುವವರೆಗೆ, ಎತ್ತರದ ಜಿಗಿತ ಸಲ್ಲದು. ಕೋಲನ್ನು ನೆಲದ ಮೇಲಿಟ್ಟು ದಾಟಿಸಿದರೆ ಸಾಕು. ಸುರಂಗ ಕಷ್ಟವೇನಲ್ಲ: ಬಟ್ಟೆಯ ಕೊಳವೆಯನ್ನು ಒತ್ತಿ ಗಿಡ್ಡ ಮಾಡಿ ಆಚೆ ತುದಿಯಿಂದ ಕರೆದರೆ ಹೆಚ್ಚಿನ ನಾಯಿಗಳು ನುಗ್ಗಿ ಬರುತ್ತವೆ.

ತಾಳ್ಮೆ ಬೇಕಾಗುವುದು ಸೀಸಾಕ್ಕೆ, ಅಂದರೆ ನಡುವಿನ ಆಧಾರದ ಮೇಲೆ ಏರಿಳಿಯುವ ಹಲಗೆಗೆ. ಕಾಲಡಿಯ ಹಲಗೆ ಅಲುಗುವುದು ಒಂದು ಅಂಜಿಕೆ, ಅದರ ತುದಿ ನೆಲಕ್ಕೆ ಬಡಿದು ಸದ್ದಾಗುವುದು ಇನ್ನೊಂದು. ಎರಡನ್ನೂ ಮೊದಲ ದಿನವೇ ಒಟ್ಟಿಗೆ ಎದುರಿಸಿದ ನಾಯಿ ಮರುದಿನ ಹಲಗೆಯ ಹತ್ತಿರಕ್ಕೂ ಬಾರದು. ಆದ್ದರಿಂದ ಅಗಲವಾದ ಹಲಗೆಯೊಂದರ ನಡುವೆ, ಅಡಿಯಲ್ಲಿ, ಸುತ್ತಿದ ಗೋಣಿಚೀಲವನ್ನಿಟ್ಟು ನಾಯಿ ತಾನಾಗಿ ಹತ್ತಿ ಇಳಿಯಲು ಬಿಡಬೇಕು. ಅಲುಗಾಟ ರೂಢಿಯಾದ ಮೇಲೆ ನಿಜವಾದ ಸೀಸಾದ ಎತ್ತರದ ತುದಿಯನ್ನು ನೆಲದಿಂದ ನಾಲ್ಕು ಬೆರಳಿನಷ್ಟು ಮೇಲೆ ಹಿಡಿದು, ನಾಯಿ ಮುಂಗಾಲಿನಿಂದ ಒತ್ತಿ ಅದನ್ನು ಬಡಿಯುವಂತೆ ಮಾಡಿ, ಬಡಿದ ಕ್ಷಣಕ್ಕೇ ಬೇಯಿಸಿದ ಕೋಳಿಮಾಂಸದ ಚೂರು ಕೊಡಬೇಕು. (ಧಾರವಾಡದವರಾದರೂ ಪೇಡೆ ಕೊಡಬೇಡಿ, ಅಷ್ಟು ಸಕ್ಕರೆ ನಾಯಿಗೆ ಒಳ್ಳೆಯದಲ್ಲ.) ಸದ್ದು ತನ್ನಿಂದಲೇ ಆಗುತ್ತದೆಂದು ಮನಗಂಡ ನಾಯಿಯ ಅಂಜಿಕೆ ಕಡಿಮೆಯಾಗುತ್ತದೆ. ಆರಂಭದಲ್ಲಿ ತುದಿಯ ಕೆಳಗೆ ಗೋಣಿತಟ್ಟು ಹಾಸಿ ಸದ್ದನ್ನು ತಗ್ಗಿಸಬಹುದು. ಹಲಗೆಯ ಮೇಲ್ಮೈ ನುಣುಪಾಗಿರಬಾರದು. ಬಣ್ಣಕ್ಕೆ ಸಣ್ಣ ಮರಳು ಬೆರೆಸಿ ಬಳಿದರೆ ಉಗುರಿಗೆ ಹಿಡಿತ ಸಿಗುತ್ತದೆ.

ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸೀಸಾದ ನಡುಭಾಗದ ಎತ್ತರ 60 ಸೆಂ.ಮೀ. ಇರುತ್ತದೆ. ಹಲಗೆ ನೆಲಕ್ಕೆ ತಾಗುವ ಮುನ್ನ ನಾಯಿ ಜಿಗಿದರೆ ಅದು ತಪ್ಪೆಂದು ಎಣಿಕೆಯಾಗುವುದರಿಂದ, ತುದಿಯಲ್ಲಿ ನಿಂತು ಅಪ್ಪಣೆಗೆ ಕಾಯುವುದನ್ನು ತಗ್ಗಿನ ಎತ್ತರದಲ್ಲಿಯೇ ಕಲಿಸಿ, ಆನಂತರ ಹಂತಹಂತವಾಗಿ ಏರಿಸಬೇಕು. ನಡುವೆ ನಾಯಿ ಹಿಂಜರಿದರೆ ಎತ್ತರವನ್ನು ಮತ್ತೆ ಇಳಿಸಬೇಕೇ ಹೊರತು ಹಗ್ಗ ಹಿಡಿದು ಎಳೆಯಬಾರದು.