ನಾನು ತೆಗೆದುಕೊಳ್ಳದ ಎರಡು ಸಾಲ

ಮನೆ ಸಾಲಕ್ಕೆ ಅರ್ಜಿ ಹಾಕಿ ವಾರವಾಗಿತ್ತು. ಬ್ಯಾಂಕಿನಿಂದ ಫೋನ್ ಬಂದಾಗ ಯಾವುದಾದರೂ ಸಹಿ ಬಾಕಿ ಇರಬೇಕು ಅಂದುಕೊಂಡೇ ಹೋದೆ. ಮ್ಯಾನೇಜರ್ ಮೇಡಂ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ, "ಸರ್, ಈ ಎರಡು ಪರ್ಸನಲ್ ಲೋನ್ ಅರ್ಜಿಯಲ್ಲಿ ತೋರಿಸೇ ಇಲ್ವಲ್ಲ?" ಅಂದರು. ಒಂದು ₹38,000, ಇನ್ನೊಂದು ₹15,000. ಎರಡಕ್ಕೂ ಒಂದು ಕಂತೂ ಕಟ್ಟಿಲ್ಲ. 780ರ ಆಸುಪಾಸಿನಲ್ಲಿದ್ದ ನನ್ನ ಸಿಬಿಲ್ ಸ್ಕೋರು, ಅಂದರೆ ಸಾಲ ಕೊಡುವವರು ಮೊದಲು ನೋಡುವ ಅಂಕ, 570ಕ್ಕೆ ಇಳಿದು ಕೂತಿತ್ತು.

"ಇವು ನನ್ನವಲ್ಲ ಮೇಡಂ."

"ಇರಬಹುದು ಸರ್. ಆದರೆ ಪ್ಯಾನ್ ನಂಬರ್ ನಿಮ್ಮದೇ ಇದೆ."

ಮುಂದಿನ ಮೂರು ದಿನ ನಾನು ಮಾಡಿದ್ದೆಲ್ಲ ತಪ್ಪೇ. ದೊಡ್ಡ ಸಾಲ ಕೊಟ್ಟ ಕಂಪನಿಯ ಕಸ್ಟಮರ್ ಕೇರ್‌ಗೆ ಆರು ಸಲ ಫೋನ್ ಮಾಡಿದೆ. ಪ್ರತಿ ಸಲವೂ ಹೊಸ ದನಿ, ಪ್ರತಿ ಸಲವೂ ಮೊದಲಿಂದ ಅದೇ ರಾಮಾಯಣ. ಕೊನೆಗೆ ಕೈಯಲ್ಲಿ ಒಂದು ದೂರು ಸಂಖ್ಯೆಯೂ ಉಳಿಯಲಿಲ್ಲ. ಆದದ್ದು ಇಷ್ಟೇ: ಅಲ್ಲಿಯವರೆಗೆ ಅವರ ಬಳಿ ಇಲ್ಲದ ನನ್ನ ನಿಜವಾದ ಮೊಬೈಲ್ ನಂಬರ್ ಅವರಿಗೆ ಸಿಕ್ಕಿತು, ವಸೂಲಿ ಏಜೆಂಟ್ ಬೆನ್ನು ಹತ್ತಿದ. "ಅರ್ಧ ಕಟ್ಬಿಡಿ ಸಾರ್, ಸೆಟ್ಲ್ ಮಾಡಿಸಿ ಕ್ಲೋಸ್ ಮಾಡಿಸ್ತೀನಿ" ಅನ್ನುವುದು ಅವನ ರಾಗ. ನಮ್ಮ ಭಾವನವರೂ "ಹತ್ತೊಂಬತ್ತು ಸಾವಿರ ತಾನೆ, ಕಟ್ಟಿ ಕೈ ತೊಳ್ಕೋ" ಅಂದರು. ನಾನೂ ಕಟ್ಟಿಬಿಡುವವನೇ ಇದ್ದೆ. ಕಟ್ಟಿದ್ದರೆ ಸಾಲ ನನ್ನದೇ ಅಂತ ಒಪ್ಪಿಕೊಂಡ ಹಾಗಾಗುತ್ತಿತ್ತು. ಅದರ ಮೇಲೆ ನನ್ನ ಸಾಲಗಳ ಲೆಕ್ಕ ತೋರಿಸುವ ವರದಿಯಲ್ಲಿ 'ಸೆಟಲ್ಡ್' ಅನ್ನುವ ಮುದ್ರೆ. ಪೂರ್ತಿ ಕಟ್ಟದೆ ರಾಜಿ ಮಾಡಿಕೊಂಡವನು ಅಂತ ಅದರ ಅರ್ಥ, ಮುಂದೆ ಸಾಲ ಕೊಡುವವರೆಲ್ಲ ಅದನ್ನೇ ನೋಡುತ್ತಾರೆ. ಒಂದು ದಿನ ಆ ಏಜೆಂಟ್ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದಾಗ, ಬೆಳಿಗ್ಗೆ 8ಕ್ಕೆ ಮುಂಚೆ ಮತ್ತು ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ ಅನ್ನುವ ರಿಸರ್ವ್ ಬ್ಯಾಂಕ್ ನಿಯಮ ಹೇಳಿದೆ. ಆಮೇಲೆ ಹಗಲು ಮಾತ್ರ ಕಾಡಿದ.

ನಿಜವಾದ ಕೆಲಸ ಶುರುವಾಗಿದ್ದು ವರದಿಗಳನ್ನು ತೆಗೆದ ಮೇಲೆ. ನಮ್ಮಲ್ಲಿ ಎಲ್ಲರ ಬಾಯಲ್ಲೂ ಸಿಬಿಲ್ ಒಂದೇ, ಆದರೆ ಸಾಲದ ಲೆಕ್ಕ ಇಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕು. ತೆಗೆದು ಹರಡಿಕೊಂಡು ಕೂತೆ. ಸ್ಕೋರು ದೊಡ್ಡ ಅಕ್ಷರದಲ್ಲಿ ಮೊದಲ ಪುಟದಲ್ಲೇ ಇರುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಆದರೆ ಓದಬೇಕಾದದ್ದು ಕೊನೆಯ ಪುಟಗಳಲ್ಲಿರುವ ಎನ್‌ಕ್ವೈರಿ ಪಟ್ಟಿ. ಯಾರು ಯಾವ ದಿನ ಎಷ್ಟು ಸಾಲಕ್ಕೆ ನನ್ನ ವರದಿ ಕೇಳಿದ್ದರು ಅನ್ನುವುದು ಅಲ್ಲಿತ್ತು. ನಾಲ್ಕು ದಿನದಲ್ಲಿ ಏಳು ಕಡೆ ಪ್ರಯತ್ನ ನಡೆದಿತ್ತು, ಎರಡು ಕಡೆ ದಕ್ಕಿತ್ತು. ಕಳ್ಳನ ದಿನಚರಿಯೇ ಸಿಕ್ಕ ಹಾಗಾಯಿತು. ಸಂಪರ್ಕ ವಿವರದಲ್ಲಿ ನನ್ನದಲ್ಲದ ಒಂದು ಮೊಬೈಲ್ ನಂಬರ್ ಕೂಡ ಇತ್ತು. ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿ ನನ್ನ ಹೆಸರಿನ ಸಿಮ್‌ಗಳನ್ನು ನೋಡಿದರೆ ಅದೇ ಕೊನೆಯ ನಾಲ್ಕು ಅಂಕಿ! ಸಿಮ್ಮೂ ನನ್ನ ಹೆಸರಿನಲ್ಲೇ ಕೊಂಡಿದ್ದರು. 'ನನ್ನ ನಂಬರ್ ಅಲ್ಲ' ಅಂತ ಅಲ್ಲೇ ವರದಿ ಮಾಡಿದೆ. ದಾಖಲೆ ಎಲ್ಲಿ ಸೋರಿತು ಅಂತ ಇವತ್ತಿಗೂ ಗೊತ್ತಿಲ್ಲ; ಜೆರಾಕ್ಸ್ ಕೊಟ್ಟ ಜಾಗಗಳನ್ನು ನೆನೆಸಿಕೊಂಡರೆ ಲೆಕ್ಕ ಸಿಗುವುದಿಲ್ಲ.

ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಪೋರ್ಟಲ್‌ನಲ್ಲೂ ದೂರು ದಾಖಲಿಸಿ ಠಾಣೆಗೆ ಹೋದೆ. "ನಿಮ್ಮ ದುಡ್ಡು ಹೋಗಿಲ್ಲವಲ್ರೀ?" ಅಂತ ಅಲ್ಲಿ ಕೇಳಿದರು. ಇಂಥ ಮೋಸದಲ್ಲಿ ಇದೊಂದು ಕಷ್ಟ, ಹೋದದ್ದು ಏನು ಅಂತ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಂ ಗುರುತಿನ ಕಳವಿನ ಬಗ್ಗೆಯೇ ಇದೆ, 66ಡಿ ಸೋಗು ಹಾಕಿ ವಂಚಿಸುವುದರ ಬಗ್ಗೆ. ಎರಡನ್ನೂ ದೂರಿನಲ್ಲೇ ಬರೆದುಕೊಂಡು ಮರುದಿನ ಮತ್ತೆ ಹೋದೆ. ಎಫ್‌ಐಆರ್ ಆಯಿತು.

₹15,000ದ ಸಾಲದವರು ಎಫ್‌ಐಆರ್ ಪ್ರತಿ ನೋಡಿ ಎರಡೇ ವಾರದಲ್ಲಿ ಖಾತೆ ರದ್ದು ಮಾಡಿದರು. ₹38,000ದವರು ಬಗ್ಗಲಿಲ್ಲ. ವರದಿಯ ಮೇಲೆ ಡಿಸ್ಪ್ಯೂಟ್, ಅಂದರೆ ಇದು ತಪ್ಪು ಅನ್ನುವ ತಕರಾರು, ಹಾಕಿದೆ. 'ಸಾಲ ಕೊಟ್ಟವರು ಮಾಹಿತಿ ಸರಿ ಇದೆ ಎಂದು ದೃಢಪಡಿಸಿದ್ದಾರೆ' ಅಂತ ಉತ್ತರ ಬಂತು. ವರದಿ ಮಾಡುವ ಸಂಸ್ಥೆ ತಾನಾಗಿ ಏನನ್ನೂ ಅಳಿಸುವುದಿಲ್ಲ, ಸಾಲ ಕೊಟ್ಟವರು ಹೂಂ ಅನ್ನಬೇಕು ಅನ್ನುವುದು ಆಗ ಅರ್ಥವಾಯಿತು.

ಅಲ್ಲಿಗೆ 'ನಾನಲ್ಲ, ನಾನಲ್ಲ' ಅನ್ನುವುದನ್ನು ಬಿಟ್ಟೆ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಒಂದು ಪುಟದ ಪತ್ರ ಬರೆದೆ. ಅದರಲ್ಲಿ ಬರೀ ಪ್ರಶ್ನೆಗಳು. ಸಾಲದ ಹಣ ಯಾವ ಬ್ಯಾಂಕಿನ ಯಾವ ಖಾತೆಗೆ ಹೋಯಿತು? ಕೆವೈಸಿಗೆ, ಅಂದರೆ ಗುರುತು ಖಚಿತಪಡಿಸಿಕೊಳ್ಳಲು, ತೆಗೆದ ಫೋಟೋ ಯಾರದು? ಒಟಿಪಿ ಯಾವ ನಂಬರ್‌ಗೆ ಹೋಯಿತು? ಒಪ್ಪಂದಕ್ಕೆ ಸಹಿ ಹೇಗಾಯಿತು? ಆ್ಯಪ್ ಮೂಲಕ ಕೊಟ್ಟ ಸಾಲದ ಹಣ, ಕೆಲವು ವಿನಾಯಿತಿ ಬಿಟ್ಟರೆ, ಸಾಲಗಾರನ ಖಾತೆಗೇ ನೇರವಾಗಿ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಅದನ್ನೂ ಬರೆದೆ. ಇಮೇಲ್ ಮಾಡಿದೆ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ ರಸೀದಿಯನ್ನು ಫೈಲಿಗೆ ಅಂಟಿಸಿದೆ. ದೂರು ಕೊಟ್ಟ 30 ದಿನದೊಳಗೆ ಸರಿಪಡಿಸದಿದ್ದರೆ ತಡವಾದ ಪ್ರತಿ ದಿನಕ್ಕೆ ₹100 ಪರಿಹಾರ ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಇದೆ. ಹಾಗಾಗಿ ತಾರೀಖಿಗೆ ಪುರಾವೆ ಬೇಕೇ ಬೇಕು.

ಇಪ್ಪತ್ತೆಂಟನೇ ದಿನ ಉತ್ತರ ಬಂತು. ಲಗತ್ತು ತೆರೆದೆ. ನನ್ನ ಹೆಸರು, ನನ್ನ ಜನ್ಮದಿನಾಂಕ, ನನ್ನ ಪ್ಯಾನ್. ಅದರ ಕೆಳಗೆ ತೆಳ್ಳನೆಯ ಗಡ್ಡ ಬಿಟ್ಟ ಒಬ್ಬ ಹುಡುಗನ ಮುಖ, ಹಿಂದೆ ಸುಣ್ಣ ಕಿತ್ತುಬಂದ ಗೋಡೆ. ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. ಸಿಟ್ಟು ಬರಬೇಕಿತ್ತು, ನಗು ಬಂತು. ನನಗೆ ಐವತ್ತೊಂದು, ತಲೆ ಪೂರ್ತಿ ಬಿಳಿ. ಈ ಫೋಟೋವನ್ನೂ ಪ್ಯಾನ್ ಕಾರ್ಡಿನ ಫೋಟೋವನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಒಬ್ಬರೂ ಇರಲಿಲ್ಲವೇ? ಹಣ ಹೋಗಿದ್ದ ಬ್ಯಾಂಕಿನಲ್ಲಿ ನನಗೆ ಖಾತೆಯೇ ಇಲ್ಲ. ಅದನ್ನು ಹೇಳಿ, ನನ್ನ ಫೋಟೋ ಲಗತ್ತಿಸಿ ತಿರುಗಿ ಬರೆದೆ. ಮೂವತ್ತು ದಿನ ದಾಟಿದ ಮೇಲೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೂ ಆನ್‌ಲೈನಿನಲ್ಲಿ ದೂರು ಹಾಕಿದೆ, ಅದಕ್ಕೆ ಶುಲ್ಕವಿಲ್ಲ. ನಲವತ್ತೊಂದನೇ ದಿನ 'ಈ ಸಾಲಕ್ಕೂ ತಮಗೂ ಸಂಬಂಧವಿಲ್ಲ' ಅನ್ನುವ ಪತ್ರ ಬಂತು, ವರದಿಯಲ್ಲೂ ತಿದ್ದುಪಡಿಯಾಯಿತು. ಕೇಳಿದ ಮೇಲೆ ₹1,100 ಖಾತೆಗೆ ಬಿತ್ತು. ಭಾವನವರಿಗೆ ಸ್ಕ್ರೀನ್‌ಶಾಟ್ ಕಳಿಸಿದೆ.

ಒಂದು ಕಡೆ ಅಳಿಸಿದರೆ ನಾಲ್ಕೂ ಕಡೆ ಅಳಿಯಿತು ಅಂದುಕೊಳ್ಳಬೇಡಿ. ನಾಲ್ಕನೆಯ ಸಂಸ್ಥೆಯ ವರದಿಯಲ್ಲಿ ಆ ಸಾಲ ಹಾಗೇ ಕೂತಿತ್ತು. ಪತ್ರದ ಪ್ರತಿ ಕಳಿಸಿದ ಮೇಲೆ ಹೋಯಿತು. ಏಳು ಎನ್‌ಕ್ವೈರಿಗಳಿಗೆ ಬೇರೆ ಬೇರೆಯಾಗಿ ಬರೆಯಬೇಕಾಯಿತು, ಐದು ಹೋಗಿವೆ. ಸ್ಕೋರು ಎರಡು ತಿಂಗಳಲ್ಲಿ 760 ದಾಟಿತು. ಆಧಾರ್ ಬಯೋಮೆಟ್ರಿಕ್‌ಗೆ ಬೀಗ ಹಾಕಿದ್ದೇನೆ, ಎಲ್ಲಿ ಕೊಟ್ಟರೂ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿಯನ್ನೇ ಕೊಡುತ್ತೇನೆ.

ಇತ್ತೀಚೆಗೆ ವರದಿ ಮತ್ತೆ ತೆಗೆದೆ. ವಿಳಾಸದ ಪಟ್ಟಿಯಲ್ಲಿ ನನ್ನ ಮನೆಯ ಕೆಳಗೆ ನಾನು ಕಾಲಿಡದ ಒಂದು ಊರಿನ ಬಾಡಿಗೆ ಕೋಣೆಯ ವಿಳಾಸ ಇನ್ನೂ ಇದೆ, ಬಾಗಿಲ ಸಂಖ್ಯೆ ಸಮೇತ. ಅದಕ್ಕೂ ಒಂದು ಡಿಸ್ಪ್ಯೂಟ್ ಹಾಕಿದ್ದೇನೆ. ಇವತ್ತಿಗೆ ಹದಿನಾರನೇ ದಿನ.